ಗೋಣಿಚೀಲದ ಮರಿಗಳು ಮತ್ತು ನಮ್ಮ ನಮಾಝ್

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಸಮಸ್ತ ಲೋಕಕ್ಕೆ ಕಾರುಣ್ಯವಾಗಿ ಬಂದ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಹಾಬಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.



ಅಲ್ಲಾಹನನ್ನು ಭಯಪಡಿರೆಂದು ಮೊದಲು ನಮ್ಮನ್ನೂ ಆಮೇಲೆ ನಿಮ್ಮನ್ನೂ ಉಪದೇಶಿಸುತ್ತೇವೆ. ತಕ್ವಾ ಎಂದರೆ ನಮಾಝ್‌ನ ಸಫ್‌ನಲ್ಲಿ ಮಾತ್ರ ಕಾಣುವಂಥದ್ದಲ್ಲ. ಯಾರೂ ನೋಡದ ಕಡೆ, ದೂರು ಕೊಡಲು ಬಾಯಿಲ್ಲದ ಜೀವದೊಂದಿಗೆ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬಲ್ಲಿಯೂ ಅದು ಪರೀಕ್ಷೆಗೆ ಒಳಗಾಗುತ್ತದೆ. ಇಂದು ಆ ಪರೀಕ್ಷೆಯಲ್ಲಿ ನಾವು ಸೋತ ಒಂದು ಸಂಗತಿಯಿಂದಲೇ ಮಾತು ಆರಂಭಿಸುತ್ತೇವೆ.

ಆಟಿಯ ಮಳೆ ಜೋರಾಗಿದ್ದ ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ನಾವು ಹೊರಬಂದಾಗ ಮಸೀದಿಯ ಗೇಟಿನ ಪಕ್ಕದಿಂದ ಸಣ್ಣ ದನಿಯೊಂದು ಕೇಳುತ್ತಿತ್ತು. ಬೆಕ್ಕಿನ ಮರಿಯ ಕೂಗು. ಕೇಳಿದವರು ಒಬ್ಬಿಬ್ಬರಲ್ಲ. ಮಳೆ ಇತ್ತು, ಛತ್ರಿ ಬಿಡಿಸಿ ಮನೆ ಸೇರಿದೆವು. ಸುಬ್‌ಹಿಗೆ ಬಂದಾಗ ದನಿ ಕ್ಷೀಣವಾಗಿತ್ತು. ನಮಾಝ್ ಮುಗಿಸಿ ಕುರ್‌ಆನ್ ಓದಿ ಹೊರಟೆವು. ಆಗಲೂ ಯಾರೂ ನೋಡಲಿಲ್ಲ. ಕೊನೆಗೆ ನೋಡಿದ್ದು ಬೆಳಿಗ್ಗೆ ಮದ್ರಸಕ್ಕೆ ಬಂದ ಮಕ್ಕಳು. ಅಕ್ಕಿಯ ಗೋಣಿಚೀಲದ ಬಾಯಿಯನ್ನು ಹಗ್ಗದಿಂದ ಬಿಗಿದು ಚರಂಡಿಯ ಅಂಚಿನಲ್ಲಿ ಇಟ್ಟಿದ್ದರು. ಒಳಗೆ ನಾಲ್ಕು ಮರಿಗಳಿದ್ದವು. ಎರಡು ಸತ್ತಿದ್ದವು. ಎರಡಕ್ಕೆ ಇನ್ನೂ ಉಸಿರಿತ್ತು.

ಚೀಲ ಕಟ್ಟಿದವರು ಯಾರೆಂದು ನಮಗೆ ಗೊತ್ತಿಲ್ಲ, ಹುಡುಕುವುದೂ ಇಲ್ಲ. ಮಸೀದಿಯ ಬಳಿ ಬಿಟ್ಟರೆ ಯಾರಾದರೂ ದಯೆ ತೋರಿಯಾರು ಎಂದು ಅವರು ಭಾವಿಸಿರಬಹುದು. ಆ ನಂಬಿಕೆಯನ್ನು ಸುಳ್ಳು ಮಾಡಿದವರು ನಾವು. ಎರಡು ನಮಾಝ್‌ಗಳ ನಡುವೆ ಒಂದು ಹಗ್ಗ ಬಿಚ್ಚಲು ನಮಗೆ ಬಿಡುವಾಗಲಿಲ್ಲ.

ನಮಗೆ ಗೊತ್ತಿದ್ದ ಹದೀಸ್

ಸಹೋದರರೇ, ಬೆಕ್ಕಿನ ವಿಷಯದ ಹದೀಸ್ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಒಬ್ಬ ಸ್ತ್ರೀ ಬೆಕ್ಕನ್ನು ಕೂಡಿಹಾಕಿದಳು. ತಾನೂ ಆಹಾರ ಕೊಡಲಿಲ್ಲ, ನೆಲದ ಮೇಲಿನ ಹುಳಹುಪ್ಪಟೆ ತಿಂದು ಬದುಕಿಕೊಳ್ಳಲೆಂದು ಬಿಟ್ಟೂ ಬಿಡಲಿಲ್ಲ. ಬೆಕ್ಕು ಸತ್ತಿತು, ಅವಳು ನರಕಶಿಕ್ಷೆಗೆ ಗುರಿಯಾದಳು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಹದೀಸ್ ಇದು. ಮಕ್ಕಳಿಗೆ ನಾವೇ ಕಲಿಸುತ್ತೇವೆ. ಆದರೆ ಬಾಯಿ ಕಟ್ಟಿದ ಗೋಣಿಚೀಲ ನಮ್ಮ ಗೇಟಿನಲ್ಲೇ ಇದ್ದಾಗ ಅದು ಇದೇ ಹದೀಸ್ ಎಂದು ನಮಗೆ ಹೊಳೆಯಲಿಲ್ಲ, ಮಕ್ಕಳಿಗೆ ಹೊಳೆಯಿತು.

ಇದಕ್ಕೆ ಎದುರಾಗಿ ಇನ್ನೊಂದು ಘಟನೆಯನ್ನು ಪ್ರವಾದಿ(ಸ) ತಿಳಿಸಿದ್ದಾರೆ. ದಾರಿಹೋಕನೊಬ್ಬ ಬಾಯಾರಿಕೆಯಿಂದ ಬಳಲಿ ಬಾವಿಗಿಳಿದು ನೀರು ಕುಡಿದ. ಮೇಲೆ ಬಂದಾಗ ನಾಯಿಯೊಂದು ನಾಲಿಗೆ ಚಾಚಿ ಒದ್ದೆ ಮಣ್ಣು ನೆಕ್ಕುತ್ತಿತ್ತು. ನನಗಾದ ಸಂಕಟವೇ ಇದಕ್ಕೂ ಆಗಿದೆ ಎಂದುಕೊಂಡು ಅವನು ಪುನಃ ಬಾವಿಗಿಳಿದ. ಪಾದರಕ್ಷೆಯಲ್ಲಿ ನೀರು ತುಂಬಿ, ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಹತ್ತಿ ಬಂದು ಕುಡಿಸಿದ. ಅಲ್ಲಾಹನು ಅವನ ಪಾಪಗಳನ್ನು ಮನ್ನಿಸಿದನು. ಪ್ರಾಣಿಗಳ ವಿಷಯದಲ್ಲೂ ನಮಗೆ ಪ್ರತಿಫಲವಿದೆಯೇ ಎಂದು ಸಹಾಬಿಗಳು ಆಶ್ಚರ್ಯದಿಂದ ಕೇಳಿದರು. ಜೀವವಿರುವ ಪ್ರತಿಯೊಂದರ ವಿಷಯದಲ್ಲೂ ಪ್ರತಿಫಲವಿದೆ ಎಂದು ಪ್ರವಾದಿ(ಸ) ಉತ್ತರಿಸಿದರು. ಇದೇ ರೀತಿ ಬನೀ ಇಸ್ರಾಈಲರ ಒಬ್ಬ ವೇಶ್ಯೆ ನಾಯಿಗೆ ನೀರು ಕುಡಿಸಿ ಕ್ಷಮೆ ಪಡೆದ ಪ್ರಸಂಗವೂ ಸಹೀಹ್ ಗ್ರಂಥಗಳಲ್ಲಿದೆ.

ಒಂದು ಕಡೆ ಬೆಕ್ಕು, ಇನ್ನೊಂದು ಕಡೆ ನಾಯಿ. ಒಬ್ಬರಿಗೆ ನರಕ, ಇನ್ನೊಬ್ಬರಿಗೆ ಕ್ಷಮೆ. ಇಷ್ಟು ದೊಡ್ಡ ತೀರ್ಮಾನ ಇಷ್ಟು ಸಣ್ಣ ಕೆಲಸದ ಮೇಲೆ ನಿಂತಿದೆ ಎಂದಾಗ ನಾವು ಹಗುರಾಗಿ ನಡೆದುಬಿಡುವ ಹಾಗಿಲ್ಲ.

ಅವೂ ನಮ್ಮಂತೆಯೇ ಸಮುದಾಯಗಳು

ಭೂಮಿಯ ಮೇಲೆ ನಡೆಯುವ, ಆಕಾಶದಲ್ಲಿ ಹಾರುವ ಜೀವಿಗಳು ನಮ್ಮಂತೆಯೇ ಸಮುದಾಯಗಳೆಂದು ಸೂರಃ ಅಲ್ ಅನ್‌ಆಮ್‌ನ 38ನೇ ಸೂಕ್ತ ತಿಳಿಸುತ್ತದೆ. ಅವುಗಳ ಅನ್ನದ ಹೊಣೆ ಅಲ್ಲಾಹನ ಮೇಲಿದೆ ಎಂಬುದು ಸೂರಃ ಹೂದ್‌ನ 6ನೇ ಸೂಕ್ತದಲ್ಲಿದೆ. ಆ ಅನ್ನ ಎಷ್ಟೋ ಸಲ ನಮ್ಮ ಕೈಯ ಮೂಲಕ ಹೋಗುತ್ತದೆ. ಕೈ ಹಿಂದೆಳೆದುಕೊಂಡರೆ ಅವನು ಇನ್ನೊಂದು ಕೈಯನ್ನು ಆರಿಸುತ್ತಾನೆ, ನಷ್ಟ ನಮ್ಮದೇ.

ಪ್ರವಾದಿ(ಸ)ರ ಬಳಿ ಬೆಳೆದವರು ಇದನ್ನು ಬದುಕಿ ತೋರಿಸಿದರು. ಅಬೂ ಹುರೈರಾ(ರ)ರಿಗೆ ಆ ಹೆಸರು ಬಂದದ್ದೇ ಒಂದು ಬೆಕ್ಕಿನ ಮರಿಯಿಂದ. ಕುರಿ ಮೇಯಿಸುವಾಗ ಹಗಲೆಲ್ಲ ಅದು ಅವರ ಜೊತೆಗಿರುತ್ತಿತ್ತು, ರಾತ್ರಿ ಅದನ್ನು ಮರದ ಮೇಲೆ ಇಡುತ್ತಿದ್ದರು. ಅಬೂ ಖತಾದಾ(ರ) ವುಝೂಗೆ ಕುಳಿತಿದ್ದಾಗ ಬೆಕ್ಕೊಂದು ಬಂದಿತು. ಅದು ಕುಡಿಯಲೆಂದು ಅವರು ಪಾತ್ರೆಯನ್ನೇ ಬಾಗಿಸಿ ಹಿಡಿದರು. ಸೊಸೆ ಕಬ್‌ಶಾ ಬೆರಗಾಗಿ ನೋಡಿದಾಗ, ಬೆಕ್ಕು ನಜಸ್ ಅಲ್ಲ, ಅದು ನಿಮ್ಮ ಸುತ್ತ ಓಡಾಡಿಕೊಂಡಿರುವವರಲ್ಲಿ ಸೇರಿದ್ದು ಎಂದು ಪ್ರವಾದಿ(ಸ) ಹೇಳಿದ್ದನ್ನು ನೆನಪಿಸಿದರು. ಮನೆಯೊಳಗೆ ಓಡಾಡುವವರ ಪಟ್ಟಿಯಲ್ಲಿ ಬೆಕ್ಕಿಗೂ ಜಾಗ ಸಿಕ್ಕಿತು.

ಆಮೇಲಿನ ವಿದ್ವಾಂಸರು ಇದನ್ನು ಕೇವಲ ಒಳ್ಳೆಯ ಗುಣವೆಂದು ಬಿಡದೆ ಹಕ್ಕಿನ ಭಾಷೆಯಲ್ಲಿ ಹೇಳಿದರು. 1262ರಲ್ಲಿ ತೀರಿಕೊಂಡ ಇಮಾಮ್ ಇಝ್ಝುದ್ದೀನ್ ಇಬ್ನ್ ಅಬ್ದುಸ್ಸಲಾಮ್ ಪ್ರಾಣಿಗಳಿಗೆ ಮನುಷ್ಯರ ಮೇಲಿರುವ ಹಕ್ಕುಗಳನ್ನು ಪಟ್ಟಿ ಮಾಡಿದ್ದಾರೆ. ಮುಪ್ಪಾಗಿ ಅಥವಾ ಕಾಯಿಲೆ ಬಿದ್ದು ಇನ್ನು ಉಪಯೋಗಕ್ಕಿಲ್ಲ ಎಂದಾದ ಮೇಲೂ ಅವುಗಳ ಖರ್ಚು ನೋಡಿಕೊಳ್ಳಬೇಕು ಎಂಬುದು ಅದರಲ್ಲಿ ಒಂದು. ಈಜಿಪ್ಟಿನ ಸುಲ್ತಾನ್ ಬೈಬರ್ಸ್ ಕೈರೋದಲ್ಲಿ ತನ್ನ ಮಸೀದಿಯ ಬಳಿಯ ತೋಟವೊಂದನ್ನು ದಿಕ್ಕಿಲ್ಲದ ಬೆಕ್ಕುಗಳಿಗಾಗಿ ವಕ್ಫ್ ಮಾಡಿದ್ದರೆಂದು 19ನೇ ಶತಮಾನದಲ್ಲಿ ಅಲ್ಲಿದ್ದ ಇಂಗ್ಲಿಷ್ ಲೇಖಕ ಎಡ್ವರ್ಡ್ ಲೇನ್ ದಾಖಲಿಸಿದ್ದಾರೆ. ತೋಟ ಕೈಬದಲಾದ ಮೇಲೂ ಖಾಝಿಯ ಅಂಗಳದಲ್ಲಿ ಪ್ರತಿದಿನ ಅಸರ್ ಹೊತ್ತಿಗೆ ಬೆಕ್ಕುಗಳಿಗೆ ಆಹಾರ ಹಾಕುತ್ತಿದ್ದರಂತೆ. ಇಸ್ತಾಂಬುಲಿನ ಹಳೆಯ ಮಸೀದಿಗಳ ಹೊರಗೋಡೆಯಲ್ಲಿ ಹಕ್ಕಿಗಳಿಗಾಗಿ ಕೆತ್ತಿದ ಪುಟ್ಟ ಮನೆಗಳು ಇಂದಿಗೂ ಇವೆ. ನಮ್ಮ ಹಿರಿಯರು ಮಸೀದಿ ಕಟ್ಟುವಾಗ ಗುಬ್ಬಚ್ಚಿಗೂ ಜಾಗ ಲೆಕ್ಕ ಹಾಕಿದ್ದರು.

ನಾಯಿಯ ವಿಷಯದಲ್ಲಿ ನಮ್ಮ ತಪ್ಪು

ಬೆಕ್ಕಿನ ಮಾತಾದರೆ ಸರಿ, ನಾಯಿಯ ವಿಷಯ ಹೇಗೆ ಎಂದು ಕೆಲವರು ಕೇಳುತ್ತಾರೆ. ಬೇಟೆ, ಜಾನುವಾರು ಮತ್ತು ಬೆಳೆ ಕಾಯುವ ಅಗತ್ಯವಿಲ್ಲದೆ ನಾಯಿ ಸಾಕುವವರ ಸತ್ಕರ್ಮದ ಪ್ರತಿಫಲ ದಿನವೂ ಕಡಿಮೆಯಾಗುತ್ತದೆ ಎಂಬ ಹದೀಸ್ ಇದೆ, ಅದನ್ನು ನಾವು ಮರೆಮಾಚುವುದಿಲ್ಲ. ಶಾಫಿಈ ಮದ್‌ಹಬ್‌ನಲ್ಲಿ ನಾಯಿ ನಜಸ್. ಹನಫಿಗಳಲ್ಲಿ ಅದರ ಜೊಲ್ಲು ನಜಸ್. ಮಾಲಿಕಿಗಳ ಅಭಿಪ್ರಾಯ ಬೇರೆ. ಆದರೆ ನಜಸ್ ಎಂಬುದು ತೊಳೆದುಕೊಳ್ಳುವುದಕ್ಕೆ ಸಂಬಂಧಿಸಿದ ನಿಯಮ. ಕಲ್ಲೆಸೆಯಲು, ಬಿಸಿನೀರು ಎರಚಲು, ಬಾಲಕ್ಕೆ ಪಟಾಕಿ ಕಟ್ಟಲು ಅದು ಪರವಾನಗಿಯಲ್ಲ. ಬಾವಿಗಿಳಿದವನು ನೀರು ಕುಡಿಸಿದ್ದು ನಾಯಿಗೇ. ಗುಹೆಯ ಜನರ ಕಥೆಯಲ್ಲಿ ಹೊಸ್ತಿಲ ಬಳಿ ಮುಂಗಾಲು ಚಾಚಿ ಮಲಗಿದ ನಾಯಿಯನ್ನು ಅಲ್ಲಾಹನು ತನ್ನ ಗ್ರಂಥದಲ್ಲಿ ನೆನೆದಿದ್ದಾನೆ.

ಅಡಿಕೆ ತೋಟ, ಕುರಿಹಟ್ಟಿ ಇರುವವರಿಗೆ ಕಾವಲು ನಾಯಿ ಬೇಕಾಗುತ್ತದೆ. ಅಂಥವರು ದುಬಾರಿ ತಳಿ ಹುಡುಕುವ ಬದಲು ಆಶ್ರಯ ಕೇಂದ್ರದಿಂದ ಊರ ನಾಯಿಯೊಂದನ್ನು ತರಲಿ. ನಮ್ಮ ಹವೆಗೆ ಅದೇ ಒಗ್ಗುತ್ತದೆ. ಹಗಲಿಡೀ ಬಿಸಿಲಲ್ಲಿ ಸರಪಳಿಯಲ್ಲಿ ಕಟ್ಟಿಹಾಕದಿರಲಿ.

ಬೀದಿನಾಯಿ ಕಚ್ಚೀತೆಂದು ಮಕ್ಕಳನ್ನು ಕಳಿಸಲು ಹೆದರುವ ತಾಯಂದಿರ ಭಯವೂ ನಿಜವಾದದ್ದು. ಅದಕ್ಕೆ ಪರಿಹಾರ ವಿಷ ಹಾಕುವುದಲ್ಲ, ಅದು ಪಾಪವೂ ಹೌದು, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು. ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಕೊಡಿಸುವ ಹೊಣೆಯನ್ನು 2023ರ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ವಹಿಸಿವೆ. ಪಂಚಾಯತ್‌ಗೆ, ನಗರಸಭೆಗೆ ಜಮಾಅತ್ ವತಿಯಿಂದ ಅರ್ಜಿ ಕೊಡೋಣ. ನಾಯಿಯಾಗಲಿ ಬೆಕ್ಕಾಗಲಿ ಕಚ್ಚಿದರೆ, ಪರಚಿದರೆ ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಸುಣ್ಣ, ಮೆಣಸಿನಪುಡಿ ಹಚ್ಚಿ ಕಾಯುತ್ತಾ ಕೂರಬೇಡಿ. ಲಸಿಕೆಯ ಎಲ್ಲ ಡೋಸ್‌ಗಳನ್ನೂ ಮುಗಿಸಿ.

ಉಳಿದ ಎರಡು ಮರಿಗಳು

ಗೋಣಿಚೀಲದಿಂದ ಉಳಿದ ಎರಡು ಮರಿಗಳನ್ನು ಮಕ್ಕಳು ಉಸ್ತಾದರ ಸಹಾಯದಿಂದ ಪಶುವೈದ್ಯರ ಬಳಿ ಒಯ್ದರು. ಒಂದನ್ನು ಮುಅಝ್ಝಿನ್‌ರೇ ಇಟ್ಟುಕೊಂಡರು. ಇನ್ನೊಂದರ ಒಂದು ಕಣ್ಣು ಕೀವಾಗಿ ಹೋಗಿತ್ತು. ಒಕ್ಕಣ್ಣಿನ ಬೆಕ್ಕನ್ನು ಯಾರು ಕೇಳುತ್ತಾರೆ? ಪ್ರಾಣಿ ಆಶ್ರಯ ಕೇಂದ್ರದಲ್ಲಿ ಅದು ಎರಡು ತಿಂಗಳು ಉಳಿಯಿತು. ಕೊನೆಗೆ ಅದನ್ನು ಮನೆಗೆ ತಂದವರು ನಮ್ಮ ಮೊಹಲ್ಲಾದ ಒಬ್ಬ ಹಿರಿಯ ತಾಯಿ. ಗಂಡ ತೀರಿಹೋಗಿದ್ದಾರೆ, ಇಬ್ಬರು ಗಂಡುಮಕ್ಕಳೂ ಗಲ್ಫ್‌ನಲ್ಲಿದ್ದಾರೆ. ಮೊದಮೊದಲು ಮಕ್ಕಳು ಫೋನಿನಲ್ಲೇ ಗದರಿದರು: "ಉಮ್ಮಾ, ನಿಮ್ಮನ್ನು ನೋಡಿಕೊಳ್ಳಲೇ ಯಾರೂ ಇಲ್ಲ, ಬೆಕ್ಕು ಯಾಕೆ?" ಆಕೆ ಕೊಟ್ಟ ಉತ್ತರ ನಮ್ಮ ಮನೆಗಳವರೆಗೂ ತಲುಪಿತು: "ಇಷ್ಟು ದಿನ ಬಯ್ಯುವುದಕ್ಕೂ ಮನೆಯಲ್ಲಿ ಯಾರೂ ಇರಲಿಲ್ಲ ಮೋನೆ. ಈಗ ಒಬ್ಬಳಿದ್ದಾಳೆ."

ಈಗ ಆ ಬೆಕ್ಕು ಸುಬ್‌ಹಿ ಬಾಂಗ್‌ಗೆ ಮೊದಲೇ ಆಕೆಯ ಕಾಲ ಬಳಿ ಬಂದು ಎಬ್ಬಿಸುತ್ತದೆ. ಹಸಿವಿಗೆ ಎಬ್ಬಿಸುತ್ತದೆ ನಿಜ, ಆದರೆ ಎದ್ದ ಮೇಲೆ ಆಕೆ ತಹಜ್ಜುದ್ ನಮಾಝ್ ಮಾಡುತ್ತಾರೆ. ಹಣೆ ಸುಜೂದಿಗೆ ಇಡುವ ಜಾಗದಲ್ಲೇ ಅದು ಮಲಗಿಬಿಡುತ್ತದೆ, ಆಕೆ ಮೆಲ್ಲನೆ ಸರಿಸುತ್ತಾರೆ. ಮೀನು ಹೆಚ್ಚುವಾಗ ತಲೆ, ಬಾಲ ಅದಕ್ಕೆ ಪಾಲು. ಬೆಕ್ಕಿನ ನೆಪದಲ್ಲಿ ನೆರೆಮನೆಯ ಮಕ್ಕಳು ಬರುತ್ತಾರೆ, ಮಕ್ಕಳನ್ನು ಕರೆಯುವ ನೆಪದಲ್ಲಿ ತಾಯಂದಿರು ಬರುತ್ತಾರೆ. ಮುಚ್ಚಿರುತ್ತಿದ್ದ ಬಾಗಿಲು ತೆರೆದಿರುತ್ತದೆ. ಗದರಿದ ಮಗ ಈಗ ಫೋನ್ ಮಾಡಿದರೆ ಮೊದಲು ಬೆಕ್ಕಿನ ಕ್ಷೇಮ ಕೇಳುತ್ತಾನಂತೆ. ಯಾರು ಯಾರಿಗೆ ಆಸರೆಯಾದರು ಎಂದು ನೀವೇ ಹೇಳಿ.

ನಾವೇನು ಮಾಡಬಹುದು?

ಸಾವಿರಾರು ರೂಪಾಯಿ ಕೊಟ್ಟು ಪರ್ಷಿಯನ್ ಬೆಕ್ಕು ಕೊಂಡು, ಕೂದಲು ಉದುರುತ್ತದೆಂದೋ ಊರಿಗೆ ಹೋಗಬೇಕೆಂದೋ ಬೀದಿಗೆ ಬಿಡುವ ಚಾಳಿ ನಮ್ಮಲ್ಲೂ ಬಂದಿದೆ. ಮನೆಯಲ್ಲಿ ಬೆಳೆದ ಬೆಕ್ಕಿಗೆ ಬೇಟೆ ಗೊತ್ತಿಲ್ಲ, ಮೀನು ಮಾರ್ಕೆಟ್ ಬಳಿ ಬಿಟ್ಟರೆ ಬದುಕಿಕೊಳ್ಳುತ್ತದೆ ಎಂಬುದು ನಮ್ಮ ಮನಸ್ಸಿಗೆ ನಾವು ಹೇಳಿಕೊಳ್ಳುವ ಸುಳ್ಳು. ಬೆಕ್ಕಿನ ಬೆಲೆ ಪಡೆಯುವುದನ್ನು ಪ್ರವಾದಿ(ಸ) ತಡೆದರೆಂದು ಜಾಬಿರ್(ರ)ರಿಂದ ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಹೆಚ್ಚಿನ ವಿದ್ವಾಂಸರು ಮಾರಾಟವನ್ನು ಅನುಮತಿಸಿದ್ದರೂ, ಆಶ್ರಯ ಕೇಂದ್ರದಲ್ಲಿ ದಿಕ್ಕಿಲ್ಲದ ಜೀವ ಕಾಯುತ್ತಿರುವಾಗ ಕೊಳ್ಳುವ ಅಗತ್ಯವೇನು? ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಸಂಸ್ಥೆಗಳಿವೆ, ಇತರ ನಗರಗಳಲ್ಲೂ ಆಶ್ರಯ ಕೇಂದ್ರಗಳಿವೆ. ಅಲ್ಲಿಗೆ ಹೋಗುವಾಗ ಮಕ್ಕಳನ್ನೂ ಕರೆದೊಯ್ಯಿರಿ. ಕಣ್ಣಿಲ್ಲದ್ದು, ಕುಂಟುವುದು, ವಯಸ್ಸಾದದ್ದು ಯಾವುದಿದೆ ಎಂದು ಮೊದಲು ಕೇಳಿ.

ತರುವ ಮೊದಲು ಮನೆಯವರೆಲ್ಲರೂ ಕುಳಿತು ಮಾತಾಡಿ. ಬೆಕ್ಕು ಹದಿನೈದು ವರ್ಷವೂ ಬದುಕಬಹುದು. ಅದು ಆಟಿಕೆಯಲ್ಲ, ಅಮಾನತ್. ಮರಿಯನ್ನು ಎಂಟು ವಾರಕ್ಕಿಂತ ಮೊದಲು ತಾಯಿಯಿಂದ ಅಗಲಿಸಬೇಡಿ. ಹಕ್ಕಿಯ ಮರಿಗಳನ್ನು ಎತ್ತಿ ತಂದ ಸಹಾಬಿಗಳಿಗೆ ಅವನ್ನು ತಾಯಿಗೆ ಮರಳಿಸಲು ಪ್ರವಾದಿ(ಸ) ಆಜ್ಞಾಪಿಸಿದ್ದನ್ನು ನೆನಪಿಡಿ. ದೊಡ್ಡ ಬೆಕ್ಕಿಗೆ ಹಸುವಿನ ಹಾಲು ಕೊಟ್ಟರೆ ಹೊಟ್ಟೆ ಕೆಡುವುದೇ ಹೆಚ್ಚು. ಬೇಯಿಸಿದ ಮೀನು, ಕೋಳಿ ಮತ್ತು ಶುದ್ಧ ನೀರು ಕೊಡಿ. ಲಸಿಕೆ ಹಾಕಿಸಿ. ಹೆಣ್ಣು ಬೆಕ್ಕು ಗಬ್ಬವಾದರೆ ಎರಡು ತಿಂಗಳಲ್ಲಿ ಮರಿ ಹಾಕುತ್ತದೆ, ವರ್ಷಕ್ಕೆ ಹಲವು ಸಲ. ಗೋಣಿಚೀಲದ ಕಥೆ ಶುರುವಾಗುವುದು ಅಲ್ಲಿಂದಲೇ. ಸಂತಾನಹರಣದ ಬಗ್ಗೆ ಮದ್‌ಹಬ್‌ಗಳಲ್ಲಿ ಭಿನ್ನಾಭಿಪ್ರಾಯವಿದೆ. ಅಗತ್ಯವಿದ್ದು, ಪ್ರಾಣಿಗೆ ಅಪಾಯವಿಲ್ಲದಿದ್ದರೆ ಅನುಮತಿಯಿದೆ ಎಂದಿರುವ ಇಂದಿನ ವಿದ್ವಾಂಸರು ಅನೇಕರಿದ್ದಾರೆ. ನಿಮ್ಮ ಉಸ್ತಾದರನ್ನೂ ಪಶುವೈದ್ಯರನ್ನೂ ಕೇಳಿ ನಿರ್ಧರಿಸಿ, ಆದರೆ ನಿರ್ಧರಿಸದೆ ಬಿಡಬೇಡಿ.

ಸಾಕಲಾಗದವರಿಗೂ ಕೆಲಸವಿದೆ. ಗೇಟಿನ ಹೊರಗೆ ಮಣ್ಣಿನ ಪಾತ್ರೆಯಲ್ಲಿ ನೀರಿಡಿ, ಪ್ರತಿದಿನ ಬದಲಿಸಿ. ಮದುವೆಯ ಬಿರಿಯಾನಿ ಉಳಿದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಬೇಡಿ, ಹಸಿದ ದನ, ನಾಯಿಗಳು ಚೀಲವನ್ನೂ ನುಂಗುತ್ತವೆ. ಉಝ್‌ಹಿಯ್ಯಾದ ತ್ಯಾಜ್ಯವನ್ನು ರಸ್ತೆ ಬದಿಯಲ್ಲಿ ಹಾಕದೆ ಸರಿಯಾಗಿ ವಿಲೇವಾರಿ ಮಾಡಿ.

ನಮ್ಮ ಮಸೀದಿಯ ಹೌಳ್ ಪಕ್ಕದಲ್ಲಿ ಈಗ ಒಂದು ರಟ್ಟಿನ ಪೆಟ್ಟಿಗೆ, ಹಳೆಯ ಚಾದರ ಮತ್ತು ನೀರಿನ ಪಾತ್ರೆ ಇದೆ. ಮದ್ರಸದ ಮಕ್ಕಳು ಸರದಿಯ ಮೇಲೆ ನೋಡಿಕೊಳ್ಳುತ್ತಾರೆ. ಮರಿಗಳನ್ನು ಬಿಡಲೇಬೇಕಾದವರು ಚೀಲ ಕಟ್ಟಿ ಕತ್ತಲಲ್ಲಿ ಬರುವುದು ಬೇಡ. ಹಗಲು ಹೊತ್ತಿನಲ್ಲಿ ಬನ್ನಿ, ಸಲಾಮ್ ಹೇಳಿ ಒಳಗೆ ಬನ್ನಿ, ನಾವು ಯಾರನ್ನೂ ಬಯ್ಯುವುದಿಲ್ಲ. ಮನೆ ಹುಡುಕಲು ಜೊತೆಗೆ ನಿಲ್ಲುತ್ತೇವೆ. ಇನ್ನು ಮುಂದೆ ಗೇಟಿನ ಬಳಿ ದನಿ ಕೇಳಿದರೆ ಯಾರೂ ದಾಟಿ ಹೋಗುವುದಿಲ್ಲ ಎಂದು ಇಂದು ಈ ಸಫ್‌ಗಳಲ್ಲಿ ಕುಳಿತು ನಿಯ್ಯತ್ ಮಾಡೋಣ.

ಓ ಅಲ್ಲಾಹ್, ಆ ರಾತ್ರಿಯ ನಮ್ಮ ಅಲಕ್ಷ್ಯವನ್ನು ಕ್ಷಮಿಸು. ನಿನ್ನ ಸೃಷ್ಟಿಯ ಮೇಲೆ ಕನಿಕರವಿರುವ ಹೃದಯವನ್ನು ನಮಗೆ ಕೊಡು. ನಮ್ಮ ಮಕ್ಕಳ ಕಿವಿಗಳು ಕೇಳಿದ್ದನ್ನು ಕೇಳುವ ಕಿವಿಗಳನ್ನು ನಮಗೂ ಕೊಡು. ನಾಳೆ ನಿನ್ನ ಸನ್ನಿಧಿಯಲ್ಲಿ ಯಾವ ಮೂಕ ಜೀವವೂ ನಮ್ಮ ವಿರುದ್ಧ ದೂರು ಹೇಳದಂತೆ ಬದುಕಲು ನಮಗೆ ತೌಫೀಕ್ ನೀಡು. ಆಮೀನ್.