ಒಂಬತ್ತು–ಏಳರ ಪಂದ್ಯ

1904ರ ಫೆಬ್ರವರಿ 6ರಂದು ಕೆನಡಾದ ಎರಡು ವಿಶ್ವವಿದ್ಯಾನಿಲಯಗಳ ಹುಡುಗರು ಬ್ಯಾಸ್ಕೆಟ್‌ಬಾಲ್ ಆಡಿದರು. ಒಂದು ಕಡೆ ಮಾಂಟ್ರಿಯಲ್ ನಗರದ ಮೆಕ್‌ಗಿಲ್, ಇನ್ನೊಂದು ಕಡೆ ಕಿಂಗ್‌ಸ್ಟನ್ ಊರಿನ ಕ್ವೀನ್ಸ್. ನಿಗದಿತ ವೇಳೆ ಮುಗಿದಾಗ ಅಂಕ 7–7. ಮತ್ತೆ ಹತ್ತು ನಿಮಿಷ ಆಡಿಸಿದರು. ಕೊನೆಗೆ ಮೆಕ್‌ಗಿಲ್ 9–7ರಿಂದ ಗೆದ್ದಿತು. ಕೆನಡಾದ ಮೊಟ್ಟಮೊದಲ ಅಂತರ ವಿಶ್ವವಿದ್ಯಾನಿಲಯ ಬ್ಯಾಸ್ಕೆಟ್‌ಬಾಲ್ ಪಂದ್ಯವೆಂದು ಗುರುತಿಸುವುದು ಇದನ್ನೇ.

ಈ ಸಂಖ್ಯೆಗಳನ್ನು ಕೇಳಿದವರಿಗೆ ಎರಡು ಪ್ರಶ್ನೆ ಏಳಬೇಕು. ಎರಡೂ ತಂಡ ಸೇರಿ ಹದಿನಾರೇ ಅಂಕವೇ ಎಂಬುದು ಮೊದಲನೆಯದು. ಎರಡನೆಯದು ಇನ್ನೂ ಸ್ವಾರಸ್ಯದ್ದು: ಈ ಆಟವನ್ನು ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಕೆನಡಾದವರು, ಅದರಲ್ಲೂ ಮೆಕ್‌ಗಿಲ್‌ನಲ್ಲೇ ಓದಿ 1887ರಲ್ಲಿ ಪದವಿ ಪಡೆದವರು. ಆಟ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ. ಹಾಗಿದ್ದರೆ ಅವರದೇ ವಿಶ್ವವಿದ್ಯಾನಿಲಯ ಇನ್ನೊಂದು ವಿಶ್ವವಿದ್ಯಾನಿಲಯದೊಡನೆ ಆಡಲು ಹನ್ನೆರಡು ವರ್ಷ ಏಕೆ ಬೇಕಾಯಿತು?

ಮೊದಲನೆಯದಕ್ಕೆ ಉತ್ತರ ಸುಲಭ. ಅಂದಿನ ಆಟವೇ ಬೇರೆ. ಬುಟ್ಟಿಗೆ ಚೆಂಡು ಬಿದ್ದಾಗಲೆಲ್ಲ ಆಟ ನಿಲ್ಲುತ್ತಿತ್ತು. ಚೆಂಡನ್ನು ಮತ್ತೆ ಅಂಗಣದ ನಡುಮಧ್ಯಕ್ಕೆ ತಂದು, ಇಬ್ಬರ ನಡುವೆ ಮೇಲಕ್ಕೆ ಎಸೆದು, ಹೊಸದಾಗಿ ಆರಂಭಿಸಬೇಕಿತ್ತು. ಈ ಪದ್ಧತಿ 1937ರವರೆಗೂ ಉಳಿದುಕೊಂಡಿತು. ಚೆಂಡನ್ನು ಪುಟಿಸುತ್ತ ಮುನ್ನುಗ್ಗುವುದಕ್ಕೂ ಆಗ ಕಟ್ಟುನಿಟ್ಟಿತ್ತು. ನೈಸ್ಮಿತ್ ಬರೆದ ಮೂಲ 13 ನಿಯಮಗಳಲ್ಲಂತೂ ಪುಟಿಸುವ ಮಾತೇ ಇಲ್ಲ. ಚೆಂಡು ಹಿಡಿದವನು ನಿಂತಲ್ಲಿಂದಲೇ ಎಸೆಯಬೇಕು, ಓಡುವಂತಿಲ್ಲ. ಬುಟ್ಟಿಗೆ ತಳ ತೆರೆದ ಬಲೆ ಬಂದದ್ದು 1910ರ ದಶಕದಲ್ಲಿ. ಅದಕ್ಕೂ ಮೊದಲು ಬಿದ್ದ ಚೆಂಡನ್ನು ಹೊರತೆಗೆಯುವುದೇ ಒಂದು ಕೆಲಸ. ಎದುರಾಳಿ ತಪ್ಪೆಸಗಿದಾಗ ಸಿಗುವ ಫ್ರೀ ಥ್ರೋಗಳನ್ನು ತಂಡದಲ್ಲಿ ಚೆನ್ನಾಗಿ ಗುರಿಯಿಡುವ ಒಬ್ಬನೇ ಎಸೆಯಬಹುದಾಗಿತ್ತು. ಇಷ್ಟೆಲ್ಲ ಗಮನಿಸಿದರೆ ಒಂಬತ್ತು ಅಂಕ ಕಡಿಮೆಯೇನಲ್ಲ. ಮೊಟ್ಟಮೊದಲ ಆಟದಲ್ಲಿ ಒಂಬತ್ತೊಂಬತ್ತು ಜನ ಎದುರುಬದುರಾಗಿ ಆಡಿದ್ದರೂ ಬಿದ್ದದ್ದು ಒಂದೇ ಒಂದು ಗೋಲು!

ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ನೈಸ್ಮಿತ್ ಜೀವನವನ್ನು ಸ್ವಲ್ಪ ನೋಡಬೇಕು. ಅವರು ಹುಟ್ಟಿದ್ದು 1861ರಲ್ಲಿ, ಒಂಟಾರಿಯೊ ಪ್ರಾಂತದ ಆಲ್ಮಾಂಟ್ ಎಂಬ ಸಣ್ಣ ಊರಿನ ಬಳಿ. 1870ರಲ್ಲಿ ತಂದೆ ತಾಯಿ ಇಬ್ಬರೂ ವಿಷಮಶೀತ ಜ್ವರಕ್ಕೆ ಬಲಿಯಾದರು. ಬಂಧುಗಳ ಆಶ್ರಯದಲ್ಲಿ ಬೆಳೆದ ಹುಡುಗ ಊರಿನ ಮಕ್ಕಳೊಡನೆ ಆಡುತ್ತಿದ್ದ ಒಂದು ಆಟವೆಂದರೆ ದೊಡ್ಡ ಬಂಡೆಯ ಮೇಲೆ ಒಂದು ಕಲ್ಲಿಟ್ಟು ಅದನ್ನು ದೂರದಿಂದ ಕಲ್ಲೆಸೆದು ಬೀಳಿಸುವುದು. ಲಗೋರಿ ಆಡಿದವರಿಗೆ ಇದರ ಮರ್ಮ ಬೇಗ ತಿಳಿದೀತು. ನೇರವಾಗಿ ಬೀಸಿ ಎಸೆದರೆ ಕಲ್ಲು ದೂರ ಹೋಗಿ ಬೀಳುತ್ತದೆ, ಅದನ್ನು ತರಲು ಓಡುವಷ್ಟರಲ್ಲಿ ಕಾವಲಿನವನ ಕೈಗೆ ಸಿಕ್ಕಿಬೀಳಬೇಕಾಗುತ್ತದೆ. ಕಮಾನಿನಂತೆ ಮೇಲಕ್ಕೆ ಹಗುರವಾಗಿ ಎಸೆದವನೇ ಜಾಣ. ಮುಂದೆ ಬುಟ್ಟಿಯನ್ನು ನೆಲದಲ್ಲಿಡದೆ ಹತ್ತಡಿ ಎತ್ತರದಲ್ಲಿ ಕಟ್ಟಿಸಿದಾಗ ನೈಸ್ಮಿತ್ ನೆನಪಿಗೆ ಬಂದದ್ದು ಈ ಎಸೆತವೇ.

ಮೆಕ್‌ಗಿಲ್‌ನಲ್ಲಿ ವ್ಯಾಯಾಮ ಕಲಿಸುತ್ತಲೇ ದೇವತಾಶಾಸ್ತ್ರ ಓದಿ ಮುಗಿಸಿದ ಅವರು 1890ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಗೆ ಹೊರಟರು. ಅಲ್ಲಿ ಎದುರಾದ ಸಮಸ್ಯೆ ಪ್ರಸಿದ್ಧವಾದದ್ದೇ. ಶರತ್ಕಾಲದ ಫುಟ್‌ಬಾಲ್ ಮುಗಿದ ಮೇಲೆ ವಸಂತದ ಬೇಸ್‌ಬಾಲ್ ಬರುವತನಕ ವಿದ್ಯಾರ್ಥಿಗಳಿಗೆ ಒಳಾಂಗಣದ ಕವಾಯತೇ ಗತಿ. ಅವರಿಗೆ ಅದು ಬೇಸರ. ಮುಖ್ಯಸ್ಥ ಲೂಥರ್ ಗ್ಯುಲಿಕ್ ಹೊಸ ಆಟವೊಂದನ್ನು ಕಂಡುಹಿಡಿಯುವಂತೆ ಹೇಳಿದರು. ಹದಿನೆಂಟು ಜನರ ಆ ತರಗತಿಗೆ ಪೀಚ್ ಹಣ್ಣಿನ ಎರಡು ಬುಟ್ಟಿ, ಒಂದು ಫುಟ್‌ಬಾಲು ಒದಗಿಬಂದವು. ಆ ಹದಿನೆಂಟರಲ್ಲಿ ಕೆನಡಾದಿಂದ ಹೋದ ಹುಡುಗರೂ ಇದ್ದರು. ಅವರಲ್ಲೊಬ್ಬ, ಮಾಂಟ್ರಿಯಲ್‌ನ ಡಂಕನ್ ಪ್ಯಾಟನ್, ಮುಂದೆ ವೈಎಂಸಿಎ ಕೆಲಸಕ್ಕೆಂದು ಭಾರತಕ್ಕೆ ಬಂದು 1894ರಲ್ಲಿ ಇಲ್ಲಿ ಈ ಆಟವನ್ನು ಪರಿಚಯಿಸಿದರು. ಕೆನಡಾದ ಎರಡು ಕಾಲೇಜುಗಳು ಎದುರುಬದುರು ನಿಲ್ಲುವುದಕ್ಕೆ ಹತ್ತು ವರ್ಷ ಮೊದಲೇ ಆಟ ಹಡಗು ಹತ್ತಿ ಭಾರತ ತಲುಪಿತ್ತು.

ತಡವಾದದ್ದರ ಗುಟ್ಟು ಇಲ್ಲೇ ಇದೆ. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಚಳಿಗಾಲ ಖಾಲಿಯಾಗಿತ್ತು. ಆ ಖಾಲಿಯನ್ನು ತುಂಬಲು ಒಂದು ಆಟ ಬೇಕಿತ್ತು. ಮಾಂಟ್ರಿಯಲ್‌ನಲ್ಲಿ ಚಳಿಗಾಲ ಖಾಲಿ ಇರಲಿಲ್ಲ. ಅಲ್ಲಿ ಐಸ್ ಹಾಕಿ ಇತ್ತು. 1875ರ ಮಾರ್ಚ್ 3ರಂದು ಅದೇ ನಗರದ ವಿಕ್ಟೋರಿಯಾ ಸ್ಕೇಟಿಂಗ್ ಅಂಗಣದಲ್ಲಿ ಒಳಾಂಗಣ ಹಾಕಿ ಪಂದ್ಯ ನಡೆದಿತ್ತು. ಮೆಕ್‌ಗಿಲ್ ವಿದ್ಯಾರ್ಥಿಗಳು ಎರಡೇ ವರ್ಷದಲ್ಲಿ ತಮ್ಮದೇ ಹಾಕಿ ಕ್ಲಬ್ ಕಟ್ಟಿಕೊಂಡರು. ಇತ್ತ ಕ್ವೀನ್ಸ್ ತಂಡ 1895, 1899 ಮತ್ತು 1906ರಲ್ಲಿ ಸ್ಟಾನ್ಲಿ ಕಪ್‌ಗಾಗಿಯೇ ಸವಾಲು ಹಾಕಿದ ತಂಡ. ಹಾಕಿಗೆ ಊರಿಗೆ ಊರೇ ನೆರೆಯುತ್ತಿದ್ದಾಗ ವೈಎಂಸಿಎ ಕಟ್ಟಡದೊಳಗಿನ ಬುಟ್ಟಿಯಾಟವನ್ನು ಯಾರು ಕೇಳಬೇಕು? ಅದೂ ಅಲ್ಲದೆ ಹಾಕಿಗೆ ಹಿಮಗಟ್ಟಿದ ನೀರು ಸಾಕು, ದೇವರು ಕೊಟ್ಟದ್ದು. ಬ್ಯಾಸ್ಕೆಟ್‌ಬಾಲ್‌ಗೆ ಮರದ ನೆಲ, ಎತ್ತರದ ಸೂರು, ಬೆಚ್ಚಗಿನ ಕೋಣೆ ಬೇಕು. ಇವೆಲ್ಲ ಇದ್ದದ್ದು ಹೆಚ್ಚಾಗಿ ವೈಎಂಸಿಎಗಳಲ್ಲಿ. ವಿಶ್ವವಿದ್ಯಾನಿಲಯಗಳು ದೊಡ್ಡ ವ್ಯಾಯಾಮಶಾಲೆ ಕಟ್ಟಿಕೊಂಡದ್ದು ನಿಧಾನವಾಗಿ: ಟೊರಾಂಟೊದ ಹಾರ್ಟ್ ಹೌಸ್ ತೆರೆದದ್ದು 1919ರಲ್ಲಿ, ಮೆಕ್‌ಗಿಲ್‌ನ ಕರಿ ವ್ಯಾಯಾಮಶಾಲೆ 1939ರಲ್ಲಿ. (ಹಾರ್ಟ್ ಹೌಸ್‌ನ ಬಾಗಿಲು ವಿದ್ಯಾರ್ಥಿನಿಯರಿಗೆ ಪೂರ್ತಿ ತೆರೆದದ್ದು 1972ರಲ್ಲಿ ಎಂಬುದನ್ನೂ ಹೇಳಿಬಿಡಬೇಕು.)

ಇನ್ನು ದೂರದ ಮಾತು. ಮಾಂಟ್ರಿಯಲ್ಲಿಗೂ ಟೊರಾಂಟೊಗೂ ನಡುವೆ ಐನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಎರಡಕ್ಕೂ ಸರಿಸುಮಾರು ನಡುವೆ ಕಿಂಗ್‌ಸ್ಟನ್. ಮೂರನ್ನೂ 1856ರಿಂದ ಪೋಣಿಸಿದ್ದು ಗ್ರಾಂಡ್ ಟ್ರಂಕ್ ರೈಲುದಾರಿ. ಒಂಟಾರಿಯೊ ಮತ್ತು ಕ್ವಿಬೆಕ್ ಪ್ರಾಂತಗಳ ವಿಶ್ವವಿದ್ಯಾನಿಲಯಗಳು 1906ರಲ್ಲಿ ಕೆನಡಿಯನ್ ಇಂಟರ್‌ಕಾಲೇಜಿಯೇಟ್ ಅಥ್ಲೆಟಿಕ್ ಯೂನಿಯನ್ ಎಂಬ ಒಕ್ಕೂಟ ಮಾಡಿಕೊಂಡವು. ಆ ದಶಕ ಮುಗಿಯುವ ಹೊತ್ತಿಗೆ ಬ್ಯಾಸ್ಕೆಟ್‌ಬಾಲಿಗೂ ಲೀಗ್ ಬಂತು. ಹೆಸರಿನಲ್ಲಿ ಇಡೀ ಕೆನಡಾ ಇದ್ದರೂ ಅದರ ಜೀವ ಇದ್ದದ್ದು ಆ ಒಂದು ರೈಲುದಾರಿಯಲ್ಲಿ. ಮೆಕ್‌ಗಿಲ್, ಕ್ವೀನ್ಸ್, ಟೊರಾಂಟೊ ಈ ಮೂರೂ ತವರಿನಲ್ಲೊಮ್ಮೆ, ಹೊರಗೊಮ್ಮೆ ಆಡಿದರೆ ಇಡೀ ಋತುವಿಗೆ ಆರೇ ಪಂದ್ಯ! ಇಂದಿನ ಲೆಕ್ಕದಲ್ಲಿ ಇದನ್ನು ಲೀಗ್ ಎನ್ನಲು ನಗು ಬರಬಹುದು. ಆದರೆ ಸೋತ ತಂಡಕ್ಕೆ ಮುಂದಿನ ವಾರ ನೋಡಿಕೊಳ್ಳೋಣ ಎನ್ನುವ ಸಮಾಧಾನ ಇಲ್ಲದ ಋತು ಅದು. ನಾಲ್ಕು ಪಂದ್ಯಗಳಲ್ಲಿ ಒಂದು ಕೈತಪ್ಪಿದರೆ ಇಡೀ ವರ್ಷವೇ ಕೈತಪ್ಪಿದ ಹಾಗೆ.

ಒಕ್ಕೂಟ ಹುಟ್ಟಿದ ವರ್ಷವೂ ಆಕಸ್ಮಿಕವಲ್ಲ. 1906ರಿಂದ 1909ರವರೆಗೆ ಕೆನಡಾದ ಕ್ರೀಡಾಲೋಕ ಎರಡು ಬಣವಾಗಿ ಕಾದಾಡಿತು. ಹಣ ಪಡೆದು ಆಡುವವನ ಜೊತೆ ಹವ್ಯಾಸಿ ಆಟಗಾರ ಒಂದೇ ಅಂಗಣಕ್ಕೆ ಇಳಿಯಬಹುದೇ ಎಂಬುದೇ ಜಗಳ. ವಿಶ್ವವಿದ್ಯಾನಿಲಯಗಳ ಒಲವು ಕಟ್ಟುನಿಟ್ಟಿನ ಕಡೆಗಿತ್ತು: ಆಡುವವನು ಮೊದಲು ವಿದ್ಯಾರ್ಥಿಯಾಗಿರಬೇಕು. ಈ ಹಟಕ್ಕೆ ಬೆಲೆ ತೆರಬೇಕಾಯಿತೆಂಬುದೂ ನಿಜ. ಗಡಿಯಾಚೆಯ ಅಮೆರಿಕದ ಕಾಲೇಜುಗಳು ಆಟಗಾರರಿಗೆ ವಿದ್ಯಾರ್ಥಿವೇತನ ಕೊಟ್ಟು ಕರೆದುಕೊಳ್ಳತೊಡಗಿದಾಗ ಕೆನಡಾದ, ಅದರಲ್ಲೂ ಒಂಟಾರಿಯೊದ, ವಿಶ್ವವಿದ್ಯಾನಿಲಯಗಳು ಬಹುಕಾಲ ಒಲ್ಲೆವೆಂದೇ ಕುಳಿತವು. ವಿಕ್ಟೋರಿಯಾ ನಗರದಲ್ಲಿ ಬೆಳೆದ ಸ್ಟೀವ್ ನ್ಯಾಶ್ 1992ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾಕ್ಕೆ ಹೋದಂತೆ ಪ್ರತಿಭಾವಂತರು ದಕ್ಷಿಣಕ್ಕೆ ನಡೆದರು. ನೈಸ್ಮಿತ್ ಅವರೇ ಆ ದಾರಿ ಹಿಡಿದವರಲ್ಲವೇ! ಮೆಕ್‌ಗಿಲ್ ಹುಡುಗರು 9–7ರಿಂದ ಗೆದ್ದಾಗ ಅವರು ಕ್ಯಾನ್ಸಸ್ ವಿಶ್ವವಿದ್ಯಾನಿಲಯದ ತಂಡಕ್ಕೆ ತರಬೇತುದಾರರಾಗಿದ್ದರು. ಅಲ್ಲಿ ಅವರ ತಂಡ ಗೆದ್ದದ್ದು 55 ಪಂದ್ಯ, ಸೋತದ್ದು 60. 1925ರಲ್ಲಿ ಅವರು ಅಮೆರಿಕದ ಪೌರರಾದರು.

ಒಲಿಂಪಿಕ್ಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಸೇರಿದ್ದು 1936ರ ಬರ್ಲಿನ್‌ನಲ್ಲಿ. ಅಂತಿಮ ಪಂದ್ಯಕ್ಕೆ ಬಂದದ್ದು ಅಮೆರಿಕ ಮತ್ತು ಕೆನಡಾ. ನೈಸ್ಮಿತ್ ಅಲ್ಲಿದ್ದರು. ಬಯಲಿನ ಮಣ್ಣಿನ ಅಂಗಣದಲ್ಲಿ, ಸುರಿವ ಮಳೆಯಲ್ಲಿ, ಪುಟಿಸಿದ ಚೆಂಡು ಕೆಸರಿನಲ್ಲೇ ಕೂತುಬಿಡುತ್ತಿತ್ತು. ಅಮೆರಿಕ 19–8ರಿಂದ ಗೆದ್ದಿತು. ಬೆಳ್ಳಿ ಪದಕ ಪಡೆದ ಕೆನಡಾ ತಂಡದ ತಿರುಳು ವಿಶ್ವವಿದ್ಯಾನಿಲಯದ್ದಲ್ಲ, ವಿಂಡ್ಸರ್ ನಗರದ ಫೋರ್ಡ್ ವಿ-8 ತಂಡದ್ದು.

ಕರಾವಳಿಯಿಂದ ಕರಾವಳಿಯವರೆಗಿನ ಕಾಲೇಜುಗಳನ್ನೆಲ್ಲ ಒಂದೇ ಕಣಕ್ಕೆ ತರುವುದು ರೈಲಿನ ಕೆಲಸವಾಗಿರಲಿಲ್ಲ. 1961ರಲ್ಲಿ ಒಕ್ಕೂಟವನ್ನು ದೇಶದ ಮಟ್ಟದಲ್ಲಿ ಮತ್ತೆ ಕಟ್ಟಿದರು. ಪುರುಷರ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದದ್ದು 1963ರಲ್ಲಿ, ಆ 9–7ರ ಪಂದ್ಯವಾಗಿ 59 ವರ್ಷಗಳ ಮೇಲೆ. ಗೆದ್ದದ್ದು ಮೆಕ್‌ಗಿಲ್ಲೂ ಅಲ್ಲ, ಕ್ವೀನ್ಸೂ ಅಲ್ಲ. ಅದೇ ವಿಂಡ್ಸರಿನ ಅಸಂಪ್ಷನ್ ವಿಶ್ವವಿದ್ಯಾನಿಲಯ. ಆ ಊರಿನಿಂದ ನದಿ ದಾಟಿದರೆ ಸಿಗುವುದು ಅಮೆರಿಕದ ಡೆಟ್ರಾಯಿಟ್.