ಟಿ.ವಿ.ಯ ಕಾಫಿ, ನಮ್ಮ ಮನೆಯ ಚಾ



ಇಂದು ನಾವು ಕಾಫಿಯ ಬಗ್ಗೆ ಮಾತಾಡೋಣ. "ಇದೆಂತಾ ವಿಷಯ? ಕಾಫಿ ಮಾಡೋದು ನಮಗೆ ಗೊತ್ತಿಲ್ವಾ?" ಅಂತ ನೀವು ಕೇಳಬಹುದು. ಮಾಡೋದು ಗೊತ್ತು. ಆದರೆ ಟಿ.ವಿ.ಯಲ್ಲಿ ಕಾಫಿಯನ್ನು ಹೇಗೆ ತೋರಿಸುತ್ತಾರೆ? ಅದರಲ್ಲಿ ಯಾರು ಕಾಣುತ್ತಾರೆ, ಯಾರು ಕಾಣುವುದಿಲ್ಲ? ಇದನ್ನು ಕೂತು ಯೋಚನೆ ಮಾಡಬೇಕು.

'ಕಾಫಿ ಸಂಸ್ಕೃತಿ' ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಸಂಸ್ಕೃತಿ ಅಂದರೆ ದೊಡ್ಡ ಶಬ್ದ. ಹೆದರಬೇಡಿ. ನಾವು ದಿನಾ ಬದುಕುವ ರೀತಿಯೇ ಸಂಸ್ಕೃತಿ. ಮನೆಗೆ ಬಂದವರಿಗೆ ಏನು ಕೊಡುತ್ತೇವೆ? ಯಾರು ಮಾಡುತ್ತಾರೆ? ಯಾರು ಮೊದಲು ಕುಡಿಯುತ್ತಾರೆ? ಯಾರ ಜೊತೆ ಕೂತು ಕುಡಿಯುತ್ತಾರೆ? ಇದೆಲ್ಲ ಸೇರಿಯೇ ಕಾಫಿ ಸಂಸ್ಕೃತಿ.

ಕಾಫಿ ಹೊರಗಿನಿಂದ ಬಂದ ಬೆಳೆ. ಸುಮಾರು 350 ವರ್ಷಗಳ ಹಿಂದೆ ಬಾಬಾ ಬುಡನ್ ಎಂಬ ಸೂಫಿ ಸಂತರು ಅರಬ್ ದೇಶದಿಂದ ಏಳು ಕಾಫಿ ಬೀಜ ತಂದರಂತೆ. ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರಂತೆ. ಜನ ಹೀಗೆ ಹೇಳುತ್ತಾರೆ. ಆ ಬೆಟ್ಟಕ್ಕೆ ಈಗಲೂ ಬಾಬಾ ಬುಡನ್‌ಗಿರಿ ಎಂದು ಹೆಸರು. ಈಗ ನಮ್ಮ ದೇಶದಲ್ಲಿ ಬೆಳೆಯುವ ಕಾಫಿಯನ್ನು 10 ಪಾಲು ಮಾಡಿದರೆ ಸುಮಾರು 7 ಪಾಲು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ ಇದರ ಮುಖ್ಯ ಜಿಲ್ಲೆಗಳು.

ನಮ್ಮ ಕಡೆ ಹೇಗೆ? ಕುಮಟಾ, ಹೊನ್ನಾವರ, ಭಟ್ಕಳದ ಮನೆಗಳಲ್ಲಿ ಕಾಫಿಯೂ ಉಂಟು, ಚಾ ಕೂಡ ಉಂಟು. ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿದ ಕಷಾಯ ಉಂಟು. ಸೆಕೆಗಾಲದಲ್ಲಿ ಮುರುಗಲ ಹಣ್ಣಿನ ಪಾನಕ, ಮಜ್ಜಿಗೆ. ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವ ಹಳೆಯ ಪದ್ಧತಿಯೂ ಉಂಟು. "ಆಸರಿಗೆ ಎಂತ ಬೇಕು?" ಎಂದು ಕೇಳುವವರಿದ್ದಾರೆ. ಬಾಯಾರಿ ಬಂದವರನ್ನು ವಿಚಾರಿಸುವ ಮಾತು ಅದು. ಇದೂ ನಮ್ಮ ಸಂಸ್ಕೃತಿಯೇ. ಟಿ.ವಿ.ಯ ಜಾಹೀರಾತಿನಲ್ಲಿ ಇದು ಎಷ್ಟು ಕಾಣುತ್ತದೆ?

ಅಲ್ಲಿ ಕಾಣುವುದು ಬೇರೆ. ಗೋಡೆಗೆ ಮಸಿ ಇಲ್ಲದ ಅಡಿಗೆಮನೆ. ಗಂಡ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಾನೆ. ಹೆಂಡತಿ ನಗುತ್ತಾ ಕಾಫಿ ತರುತ್ತಾಳೆ. ಧಾರಾವಾಹಿಯಲ್ಲಿ ಹೆಣ್ಣು ನೋಡಲು ಬಂದರೆ ಹುಡುಗಿ ತಟ್ಟೆಯಲ್ಲಿ ಕಾಫಿ ಹಿಡಿದು ತಲೆ ತಗ್ಗಿಸಿ ಬರುತ್ತಾಳೆ. ಕಾಫಿ ಚೆನ್ನಾಗಿದ್ದರೆ ಹುಡುಗಿ ಒಳ್ಳೆಯವಳು! ಇದು ಎಲ್ಲಿಯ ನ್ಯಾಯ? ಆ ಹುಡುಗಿ ಏನು ಓದಿದ್ದಾಳೆ, ಅವಳ ಮನಸ್ಸಿನಲ್ಲಿ ಏನಿದೆ ಎಂದು ಕೇಳಬೇಡವಾ?

ಟಿ.ವಿ. ತೋರಿಸದ ಹೆಂಗಸರೂ ಇದ್ದಾರೆ. ನವೆಂಬರ್‌ನಿಂದ ನಾಲ್ಕು ತಿಂಗಳು ತೋಟಗಳಲ್ಲಿ ಕಾಫಿ ಹಣ್ಣಿನ ಕೊಯ್ಲು. ಸೊಂಟಕ್ಕೆ ಚೀಲ ಕಟ್ಟಿ ಹಣ್ಣು ಬಿಡಿಸುವವರಲ್ಲಿ ಹೆಚ್ಚಿನವರು ಹೆಂಗಸರು. ಅವರು ಕೊಯ್ಯದಿದ್ದರೆ ಯಾರ ಲೋಟಕ್ಕೂ ಕಾಫಿ ಇಲ್ಲ. ತದಡಿ, ಕಾಸರಕೋಡಿನ ಬಂದರುಗಳಲ್ಲಿ ಬೆಳಗಾಗುವ ಮೊದಲೇ ಮೀನು ಬುಟ್ಟಿ ಹೊರುವ ಅಕ್ಕಂದಿರಿಗೆ ಒಂದು ಲೋಟ ಬಿಸಿ ಚಾ ಎಂದರೆ ದೊಡ್ಡ ಆಧಾರ. ಅದು ಕೂಡ ಜಾಹೀರಾತಿನಲ್ಲಿ ಬರುವುದಿಲ್ಲ.

ಇನ್ನೊಂದು ಕಹಿ ಮಾತನ್ನೂ ಹೇಳಬೇಕು. ಹಿಂದೆ ನಮ್ಮ ನಾಡಿನ ಎಷ್ಟೋ ಹೋಟೆಲುಗಳಲ್ಲಿ ದಲಿತರನ್ನು ಒಳಗೆ ಬಿಡುತ್ತಿರಲಿಲ್ಲ. ಹೊರಗೆ ನಿಲ್ಲಿಸಿ ಬೇರೆ ಲೋಟದಲ್ಲಿ ಕೊಡುತ್ತಿದ್ದರು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಬೇರೆ ಲೋಟ ಇಡುವುದು ಅಪರಾಧ. ಎಲ್ಲಿಯಾದರೂ ಈಗಲೂ ಕಂಡರೆ ಸುಮ್ಮನಿರಬಾರದು.

ಹಾಗಾದರೆ ಟಿ.ವಿ. ಎಲ್ಲವೂ ಸುಳ್ಳೇ? ಇಲ್ಲ. ನಟ, ನಿರ್ದೇಶಕ ಶಂಕರ್ ನಾಗ್ ಹುಟ್ಟಿದ್ದು ನಮ್ಮ ಹೊನ್ನಾವರದ ಹತ್ತಿರದ ಮಲ್ಲಾಪುರದಲ್ಲಿ. ಅವರು ಆರ್. ಕೆ. ನಾರಾಯಣ್ ಅವರ ಕತೆಗಳನ್ನು 'ಮಾಲ್ಗುಡಿ ಡೇಸ್' ಎಂಬ ಧಾರಾವಾಹಿ ಮಾಡಿದರು. 1986-87ರಲ್ಲಿ ದೂರದರ್ಶನದಲ್ಲಿ ಅದು ಬಂತು. ಆಗುಂಬೆಯ ಬೀದಿ, ಅಲ್ಲಿಯ ಹಳೆಯ ಮನೆಗಳನ್ನು ಇಡೀ ದೇಶ ನೋಡಿತು, ಮೆಚ್ಚಿತು. ಮನಸ್ಸಿದ್ದರೆ ಟಿ.ವಿ.ಯವರು ನಮ್ಮಂಥವರ ಬದುಕನ್ನೂ ತೋರಿಸಬಹುದು. ಒಲೆ ಊದುವವಳನ್ನು ತೋರಿಸಲಿ. ಹಣ್ಣು ಕೊಯ್ಯುವವಳನ್ನು ತೋರಿಸಲಿ. ಗಂಡ ಕಾಫಿ ಸೋಸಿ ಹೆಂಡತಿಗೆ ಕೊಡುವುದನ್ನೂ ತೋರಿಸಲಿ! ಅದನ್ನು ನೋಡಿ ನಾಲ್ಕು ಮನೆಯಲ್ಲಾದರೂ ಕಲಿತಾರು.

ಈಗ ನಿಮಗೆ ಅಕ್ಷರ ಬಂದಿದೆ. ಅದನ್ನು ಇಲ್ಲಿ ಉಪಯೋಗಿಸಿ. ಜಾಹೀರಾತು ಪರಿಮಳದ ಮಾತು ಹೇಳುತ್ತದೆ. ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಬೇರೆ ಸಂಗತಿ ಹೇಳುತ್ತದೆ. ಎಷ್ಟೋ ಕಾಫಿ ಪುಡಿಗಳಲ್ಲಿ ಚಿಕೋರಿ ಬೆರೆಸಿರುತ್ತಾರೆ. ಚಿಕೋರಿ ಎಂದರೆ ಒಂದು ಗಿಡದ ಬೇರು. ಹುರಿದು ಪುಡಿ ಮಾಡಿ ಸೇರಿಸುತ್ತಾರೆ. ಡಿಕಾಕ್ಷನ್ ಗಟ್ಟಿಯಾಗಿ, ಕಪ್ಪಾಗಿ ಬರುತ್ತದೆ. ಚಿಕೋರಿ ಹಾಕುವುದು ಮೋಸವಲ್ಲ. ಆದರೆ ಎಷ್ಟು ಹಾಕಿದ್ದೇವೆ ಎಂದು ಬರೆಯಲೇಬೇಕು. ಇಂಥ ಮಿಶ್ರಣದ 100 ಗ್ರಾಂನಲ್ಲಿ ಕಾಫಿ 51 ಗ್ರಾಂಗಿಂತ ಕಡಿಮೆ ಇರಬಾರದು. ಇದು ಕಾನೂನು.

ಪೊಟ್ಟಣದ ಮೇಲೆ ಕಾಫಿ 60, ಚಿಕೋರಿ 40 ಎಂದಿದೆ ಅನ್ನಿ. 200 ಗ್ರಾಂ ಕೊಂಡರೆ ಕಾಫಿ ಎಷ್ಟು ಬಂತು? 120 ಗ್ರಾಂ. ಉಳಿದ 80 ಗ್ರಾಂ ಚಿಕೋರಿ. ಎರಡು ಪೊಟ್ಟಣದ ದರ ಒಂದೇ ಇದ್ದರೆ ಯಾವುದರಲ್ಲಿ ಕಾಫಿ ಹೆಚ್ಚು ಎಂದು ನೋಡಿ. ದರ, ತೂಕ, ತಯಾರಾದ ತಾರೀಕು ಓದಿ. ಅಂಕಿ ಓದಲು ಬಂದರೆ ಸಾಕು, ಇದು ಕಷ್ಟವಲ್ಲ. ಅಕ್ಷರ ಇಂಗ್ಲಿಷಿನಲ್ಲಿದ್ದರೆ ಅಂಗಡಿಯವರನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು.

ಇಂದು ರಾತ್ರಿ ಟಿ.ವಿ. ನೋಡುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಕಾಫಿ ಮಾಡಿದವರು ಯಾರು? ಕೂತು ಕುಡಿದವರು ಯಾರು? ಬೀಜ ಕೊಯ್ದವರು ಯಾರು? ಉತ್ತರವನ್ನು ನಾಲ್ಕು ಸಾಲಿನಲ್ಲಿ ಬರೆದು ತನ್ನಿ. ನಾಳೆ ಎಲ್ಲರೂ ಓದೋಣ.

ಮತ್ತೊಂದು ಮಾತು. ಎಲ್ಲರಿಗೂ ಕೊಟ್ಟು, ಕೊನೆಗೆ ಉಳಿದ ತಣ್ಣಗಿನ ಅರ್ಧ ಲೋಟ ಕುಡಿಯುವ ರೂಢಿ ನಿಮ್ಮದಾಗಿದ್ದರೆ ಅದನ್ನು ಬಿಡಿ. ನಾಳೆಯಿಂದ ಮನೆಯವರ ಜೊತೆಯಲ್ಲೇ ಕೂತು, ಬಿಸಿ ಇರುವಾಗಲೇ ಕುಡಿಯಿರಿ.