‘ಕಾನ್ವೆಂಟ್’ ಎಂಬ ಮಾತಿನ ಒಳಗೆ



ಬೆಳಗ್ಗೆ ಎಂಟೂವರೆಗೆ ನಮ್ಮ ಹುಣಸೂರಿನ ರಸ್ತೆ ಬದಿ ನಿಂತು, ವ್ಯಾನಿಗೆ ಕಾಯುತ್ತಿರುವ ಯಾವ ತಾಯಿಯನ್ನಾದರೂ ಕೇಳಿ: ‘ಮಗು ಎಲ್ಲಿ ಓದ್ತಾ ಇದೆ ತಾಯಿ?’ ‘ಕಾನ್ವೆಂಟಲ್ಲಿ’ ಎನ್ನುತ್ತಾಳೆ. ಶಾಲೆಯ ಬೋರ್ಡಿನ ಮೇಲೆ ಗಣಪತಿಯ ಹೆಸರಿರಬಹುದು, ಶಾರದೆಯ ಹೆಸರಿರಬಹುದು. ಇಂಗ್ಲಿಷ್ ಕಲಿಸಿದರೆ ಸಾಕು, ನಮಗೆ ಅದು ಕಾನ್ವೆಂಟು. ಅಸಲಿಗೆ ಕಾನ್ವೆಂಟ್ ಎಂದರೆ ಶಾಲೆಯಲ್ಲ, ಕನ್ಯಾಮಠ. ಸಿಸ್ಟರ್‌ಗಳು ಬದುಕುವ ಮನೆ. ಶಾಲೆ ಅದರ ಪಕ್ಕದಲ್ಲಿತ್ತು. ನಾವು ಮನೆಯ ಹೆಸರನ್ನು ಶಾಲೆಗಿಟ್ಟೆವು, ಮನೆಯವರನ್ನು ಮರೆತೆವು. ಆ ಮನೆಯೊಳಗಿನ ಕಟ್ಟಳೆ ತಿಳಿಯದೆ ಆ ಶಾಲೆಯ ನಾಯಕತ್ವ ತಿಳಿಯುವುದಿಲ್ಲ ಎಂಬುದೇ ಇವತ್ತಿನ ನನ್ನ ಮಾತು.

ಮೊದಲು ಒಂದು ಗೊಂದಲ ಬಿಡಿಸೋಣ: ಧರ್ಮಾಧ್ಯಕ್ಷರ (ಬಿಷಪ್) ಆಡಳಿತದ ಧರ್ಮಕ್ಷೇತ್ರ ಬೇರೆ, ಧಾರ್ಮಿಕ ಸಭೆ ಬೇರೆ. ಕೆ.ಆರ್. ನಗರ ತಾಲ್ಲೂಕಿನ ಡೋರನಹಳ್ಳಿಯನ್ನು ನೀವೆಲ್ಲ ಬಲ್ಲಿರಿ. ಉಳುವಾಗ ರೈತನೊಬ್ಬನಿಗೆ ವಿಗ್ರಹ ಸಿಕ್ಕಿತೆಂಬ ಕತೆಯ ಊರು. ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ಎಲ್ಲ ಜಾತಿಮತದವರೂ ಹರಕೆ ಹೊತ್ತು ಹೋಗುವ ಊರು. 2019ರಲ್ಲಿ ಆ ದೇವಾಲಯಕ್ಕೆ ಬೆಸಿಲಿಕಾ ಪದವಿ ಬಂತು. ಇದು ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿದ ಸ್ಥಳ. 1940ರಲ್ಲಿ ಬೆಂಗಳೂರು, ಮೈಸೂರು ಬೇರೆ ಬೇರೆ ಧರ್ಮಕ್ಷೇತ್ರಗಳಾದವು. ಮೈಸೂರಿನ ಮೊದಲ ಧರ್ಮಾಧ್ಯಕ್ಷರು ರೆನೆ ಫ್ಯೂಗಾ. ಅವರ ಕಾಲದಲ್ಲೇ, 1946ರಲ್ಲಿ, ಸಂತ ಫಿಲೋಮಿನಾ ಕಾಲೇಜು ಹುಟ್ಟಿತು. ಧರ್ಮಕ್ಷೇತ್ರದ ಗುರುಗಳು ಧರ್ಮಾಧ್ಯಕ್ಷರ ಕೆಳಗೆ ದುಡಿಯುವವರು. ಧಾರ್ಮಿಕ ಸಭೆಗಳು ಹಾಗಲ್ಲ. ಜೆಸ್ವಿಟರಿಗೆ, ಕಾರ್ಮೆಲ್ ಸಿಸ್ಟರ್‌ಗಳಿಗೆ, ಬೆಥನಿಯವರಿಗೆ ಅವರವರದೇ ನಿಯಮ, ಅವರವರದೇ ಮುಖ್ಯಸ್ಥರು.

ಸಭೆ ಸೇರಿದವರು ಮೂರು ವ್ರತ ತೊಡುತ್ತಾರೆ: ಬಡತನ, ಬ್ರಹ್ಮಚರ್ಯ, ವಿಧೇಯತೆ. ಇವನ್ನು ಶಾಲೆಯ ಭಾಷೆಗೆ ತಿರುಗಿಸಿ ನೋಡಿ. ಬಡತನವೆಂದರೆ, ಹೆಡ್‌ಮಿಸ್‌ಗೆ ಬಂದ ಸಂಬಳ ಅವರ ಕೈಚೀಲಕ್ಕಲ್ಲ, ಸಭೆಯ ಸಾಮಾನ್ಯ ಬೊಕ್ಕಸಕ್ಕೆ. ಬ್ರಹ್ಮಚರ್ಯವೆಂದರೆ, ಶಾಲೆಯನ್ನು ಬರೆದುಕೊಡಲು ಮಗನೂ ಇಲ್ಲ, ಅಳಿಯನೂ ಇಲ್ಲ. ವಿಧೇಯತೆಯೆಂದರೆ ವರ್ಗಾವಣೆ. ಕೆಲವು ವರ್ಷ ಕಳೆದ ಮೇಲೆ ಒಂದು ಪತ್ರ ಬರುತ್ತದೆ. ಸಿಸ್ಟರ್ ಪೆಟ್ಟಿಗೆ ಕಟ್ಟುತ್ತಾರೆ. ಮಕ್ಕಳು ಅಳುತ್ತಾರೆ, ಊರವರು ‘ಇನ್ನೊಂದು ವರ್ಷ ಇರಲಿ’ ಎಂದು ಬೇಡುತ್ತಾರೆ. ಮುಂದಿನ ಸೋಮವಾರ ಅದೇ ಕುರ್ಚಿಯಲ್ಲಿ ಇನ್ನೊಬ್ಬ ಸಿಸ್ಟರ್. ವಚನಕಾರರ ನಾಡಿನವರಾದ ನಮಗೆ ಇದಕ್ಕೆ ಪದ ಹುಡುಕಬೇಕಿಲ್ಲ: ಶಾಲೆ ಸ್ಥಾವರ, ನಾಯಕತ್ವ ಜಂಗಮ.

ಇದರ ದೊಡ್ಡ ಸಾಕ್ಷಿ ಮೈಸೂರಿನಲ್ಲೇ ಇದೆ. ಮದ್ರಾಸಿನಲ್ಲಿ ಹುಟ್ಟಿದ ಗ್ರೇಸ್ ಡಿ’ಲಿಮಾ 1887ರಲ್ಲಿ ಎರ್ನಾಕುಲಂನಲ್ಲಿ ಸಂತ ತೆರೇಸಾ ಕಾರ್ಮೆಲ್ ಸಿಸ್ಟರ್‌ಗಳ ಸಭೆ ಕಟ್ಟಿದರು. 1902ರ ಮಂಗಪಟ್ನಂ ರೈಲು ದುರಂತದಲ್ಲಿ ತೀರಿಕೊಂಡರು. ಸಭೆಗಿನ್ನೂ ಹದಿನೈದು ವರ್ಷ. ಕಟ್ಟಿದಾಕೆ ಹೋದರೂ ಕಟ್ಟಿದ್ದು ನಿಂತಿತು. 1963ರಲ್ಲಿ ಅದೇ ಸಭೆ ಮೈಸೂರಿನಲ್ಲಿ ತೆರೇಷಿಯನ್ ಕಾಲೇಜು ತೆರೆಯಿತು. ಕರಾವಳಿಗೆ 1870ರಲ್ಲಿ ಬಂದ ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು 1921ರಲ್ಲಿ ಮಂಗಳೂರಿನಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜು ಆರಂಭಿಸಿದರು. ಅದೇ ವರ್ಷ ಅದೇ ಊರಲ್ಲಿ ರೇಮಂಡ್ ಮಸ್ಕರೇನ್ಹಸ್ ಬೆಥನಿ ಸಭೆ ಸ್ಥಾಪಿಸಿದರು.

ಇನ್ನು ನಮ್ಮ ತಾಲ್ಲೂಕುಗಳಿಗೆ ಬರೋಣ. ಇಲ್ಲಿ ಶಾಲೆ ಬಿಡಿಸುವ ಕಾರಣಗಳು ಬೇರೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಬ್ಯಾರನ್ ಉರಿಯುವ ತಿಂಗಳುಗಳಲ್ಲಿ ಸೊಪ್ಪು ಬಿಡಿಸಲು, ಕಡ್ಡಿಗೆ ಕಟ್ಟಲು ಮನೆಮಂದಿಯೆಲ್ಲ ಬೇಕು. ಎಚ್.ಡಿ. ಕೋಟೆಯ ಹಾಡಿಗಳಿಂದ ಜೇನುಕುರುಬರು ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೊರಟರೆ ಮಕ್ಕಳೂ ಹೊರಡುತ್ತಾರೆ. ನಾಲ್ಕು ಗಂಟೆಗೆ ಬೀಗ ಹಾಕಿ ಬಸ್ಸು ಹತ್ತುವ ಶಾಲೆಗೆ ಈ ಮಗುವನ್ನು ಹಿಡಿದಿಡಲು ಆಗದು. ಗಂಟೆ ಹೊಡೆದ ಮೇಲೂ ಅಲ್ಲೇ ಇರುವವರು, ಊಟಕ್ಕಿಕ್ಕುವವರು, ರಾತ್ರಿ ಜ್ವರ ಬಂದರೆ ಎದ್ದು ನೋಡುವವರು ಬೇಕು. ಶಾಲೆಯ ಪಕ್ಕದಲ್ಲಿ ಮನೆ ಇರುವುದರ ಅರ್ಥ ಇದು.

ಈ ಬಗೆಯ ಬಾಳು ಕ್ರೈಸ್ತರ ಗುತ್ತಿಗೆಯೇನಲ್ಲ. 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಗಿರಿಜನ ಮಕ್ಕಳಿಗೆ ಶಾಲೆ ತೆರೆಯಿತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1963ರಿಂದ ನಾಮ್‌ಡ್ರೋಲಿಂಗ್ ಮಠದ ಬಿಕ್ಕುಗಳು ಕಲಿಸುತ್ತಿದ್ದಾರೆ. ನಮ್ಮ ವೀರಶೈವ ಮಠಗಳ ಉಚಿತ ಪ್ರಸಾದನಿಲಯಗಳಂತೂ ಮನೆಮಾತು. ಸ್ವಂತಕ್ಕೆ ಕೂಡಿಡದವರು ಕಲಿಸಲು ನಿಂತಾಗ ಊರು ಅವರನ್ನು ನಂಬುತ್ತದೆ.

ಇನ್ನು ಕಷ್ಟದ ಮಾತು. ಕಾನ್ವೆಂಟಿನ ಹೆಸರಿಗೆ ಬೆಲೆ ಬಂದಂತೆ ಅದರ ಶುಲ್ಕವೂ ಏರಿತು. ಅನುದಾನಿತ ಕನ್ನಡ ಶಾಲೆಗಳಲ್ಲಿ ನಿವೃತ್ತರ ಜಾಗ ತುಂಬುತ್ತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇಕಡಾ 25 ಸೀಟು ದುರ್ಬಲ ವರ್ಗದ ಮಕ್ಕಳಿಗೆ ಎಂದಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅಲ್ಪಸಂಖ್ಯಾತ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸದು ಎಂದಿತು. ಕಾನೂನು ಬಿಟ್ಟುಕೊಟ್ಟಿತು, ಸರಿ. ಬಡತನದ ವ್ರತ ಬಿಟ್ಟುಕೊಟ್ಟಿತೆ? ಹಾಡಿಯ ಮಗುವಿಗೆ ಮೊದಲ ಬೆಂಚು ಯಾರದೋ ಆದೇಶದಿಂದ ಸಿಗಬೇಕಾದರೆ ಸಭೆ ಏಕೆ ಬೇಕು?

ಇನ್ನೊಂದು ಪ್ರಶ್ನೆ: ಸಭೆ ಸೇರುವವರು ಕಡಿಮೆಯಾದರೆ? ಚರಿತ್ರೆ ಇದನ್ನು ಒಮ್ಮೆ ಕೇಳಿದೆ. ಹದಿನೇಳನೆಯ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತ ಲಿಯೊನಾರ್ಡೊ ಚಿನ್ನಮಿಯವರ ಜೆಸ್ವಿಟ್ ಸಭೆಯನ್ನು 1773ರಲ್ಲಿ ಪೋಪರೇ ರದ್ದು ಮಾಡಿದರು. ಆಮೇಲೆ ಪ್ಯಾರಿಸ್ ಮಿಷನ್ನಿನ ಅಬ್ಬೆ ದ್ಯುಬುವಾ ಅಂಥವರು ಬಂದು ಕೆಲಸ ಮುಂದುವರಿಸಿದರು. ಹೊಣೆ ಕೈ ಬದಲಿಸಿತು. ಈಗ ಅದು ಬರುತ್ತಿರುವುದು ಸಂಸಾರವಂದಿಗ ಮೇಷ್ಟ್ರುಗಳ, ಮಿಸ್‌ಗಳ ಕೈಗೆ. ಇದೇ ತಾಲ್ಲೂಕುಗಳ ನಮ್ಮ ಹೆಣ್ಣುಮಕ್ಕಳ, ಗಂಡುಮಕ್ಕಳ ಕೈಗೆ. ಅವರಿಗೆ ವ್ರತವಿಲ್ಲ, ಬಾಡಿಗೆ ಮನೆ ಇದೆ, ಮಕ್ಕಳ ಫೀಸು ಇದೆ. ಅವರಿಗೆ ತಕ್ಕ ಸಂಬಳ, ತೀರ್ಮಾನಿಸುವ ಅಧಿಕಾರ ಎರಡನ್ನೂ ಕೊಡುವುದು ಸಭೆಗಳ ಮುಂದಿನ ನಾಯಕತ್ವ. ಪತ್ರ ಬಂದಾಗ ಪೆಟ್ಟಿಗೆ ಕಟ್ಟುವ ಅಭ್ಯಾಸ ಸಿಸ್ಟರ್‌ಗಳಿಗೆ ಮೊದಲಿನಿಂದ ಇದೆ. ಈ ಸಲ ಕುರ್ಚಿಗೆ ಬರುವವರು ಇನ್ನೊಬ್ಬ ಸಿಸ್ಟರ್ ಅಲ್ಲದಿರಬಹುದು, ಅಷ್ಟೇ.